ಮೂರು ಎಂಜಿನ್‌ಗಳ ಧೈರ್ಯ

1929ರ ಏಪ್ರಿಲ್ ಹೊತ್ತಿಗೆ ನಮ್ಮ ಸವಣೂರಿನಿಂದ ಯಾರಾದರೂ ಲಂಡನ್ನಿಗೆ ವಿಮಾನದ ಟಪಾಲಿನಲ್ಲಿ ಕಾಗದ ಹಾಕಿದ್ದರೆ ಅದು ಹೇಗೆ ಹೋಗುತ್ತಿತ್ತು ಎಂದು ನಾನು ಆಗಾಗ ಲೆಕ್ಕ ಹಾಕುತ್ತೇನೆ. ಆಗ ಸವಣೂರು ಧಾರವಾಡದ ಕಲೆಕ್ಟರರ ಮೇಲ್ವಿಚಾರಣೆಯಲ್ಲಿದ್ದ ನವಾಬರ ಪುಟ್ಟ ಸಂಸ್ಥಾನ. ಕಾಗದ ಮೊದಲು ಯಲವಿಗಿ ಸ್ಟೇಶನ್ ಮುಟ್ಟಬೇಕು. ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿ, ಮುಂಬಯಿ, ಮುಂದೆ ಕರಾಚಿ. ಕರಾಚಿಯಲ್ಲಿ ಇಂಪೀರಿಯಲ್ ಏರ್‌ವೇಸ್ ಕಂಪನಿಯ ಹರ್ಕ್ಯುಲಿಸ್ ಎಂಬ ವಿಮಾನ ಅದನ್ನು ಎತ್ತಿಕೊಂಡು ಪರ್ಶಿಯಾದ ಕರಾವಳಿ, ಬಸ್ರಾ, ಬಾಗ್ದಾದ್ ಹಾದು ಈಜಿಪ್ಟಿಗೆ ಒಯ್ಯುತ್ತಿತ್ತು. ಮೆಡಿಟರೇನಿಯನ್ ಸಮುದ್ರವನ್ನು ದಾಟಿಸಲು ನೀರಿನ ಮೇಲೆ ಇಳಿಯುವ ಕ್ಯಾಲ್ಕಟ್ಟಾ ಎಂಬ ವಿಮಾನ. ಇಟಲಿಯ ಜಿನೋವಾದಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ಮತ್ತೆ ರೈಲು. ಕೊನೆಗೆ ಆರ್ಗಸಿ ಎಂಬ ವಿಮಾನದಲ್ಲಿ ಲಂಡನ್ನಿನ ಕ್ರಾಯ್ಡನ್ ನಿಲ್ದಾಣ.

ಈ ಸೇವೆಯ ಮೊದಲ ವಿಮಾನ 1929ರ ಮಾರ್ಚ್ 30ರಂದು ಕ್ರಾಯ್ಡನ್ ಬಿಟ್ಟಿತು. ಅದರ ಟಪಾಲು ಏಪ್ರಿಲ್ 6ಕ್ಕೆ ಕರಾಚಿ ಸೇರಿತು. ಹಡಗಿನಲ್ಲಿ ಸುಮಾರು ಎರಡು ವಾರ ಹಿಡಿಯುತ್ತಿದ್ದ ದಾರಿಗೆ ಒಂದೇ ವಾರ. ಪ್ರಯಾಣಿಕರೂ ಹೋಗಬಹುದಿತ್ತು. ಲಂಡನ್ನಿನಿಂದ ಕರಾಚಿಗೆ ಟಿಕೆಟ್ಟು 130 ಪೌಂಡು, ಅಂದಿನ ದರದಲ್ಲಿ ಸುಮಾರು 1,730 ರೂಪಾಯಿ. ನಮ್ಮ ಕಡೆ ಆ ದುಡ್ಡಿಗೆ ಹೊಲವನ್ನೇ ಕೊಳ್ಳಬಹುದಾಗಿದ್ದ ಕಾಲ.

ಈ ದಾರಿಯಲ್ಲಿ ನನ್ನ ಕುತೂಹಲ ಕೆರಳಿಸಿದ್ದು ಒಂದು ಸಂಗತಿ. ಹರ್ಕ್ಯುಲಿಸ್, ಕ್ಯಾಲ್ಕಟ್ಟಾ, ಆರ್ಗಸಿ ಮೂರೂ ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾದವು. ಒಂದು ಮರಳುಗಾಡಿನದು, ಒಂದು ಸಮುದ್ರದ್ದು, ಇನ್ನೊಂದು ಯುರೋಪಿನ ಊರುಗಳ ನಡುವಿನದು. ಆದರೆ ಮೂರಕ್ಕೂ ಇದ್ದದ್ದು ಮೂರು ಮೂರು ಎಂಜಿನ್. ಭಾರತಕ್ಕೆ ಬಂದ ಮೊದಲ ವಿಮಾನ ಟಪಾಲು ರೈಲನ್ನು ಬಿಟ್ಟರೆ ಪೂರ್ತಿ ಮೂರು ಎಂಜಿನ್‌ಗಳ ಭರವಸೆಯ ಮೇಲೆಯೇ ನಡೆಯಿತು. ಆ ಭರವಸೆ ಎಲ್ಲಿಂದ ಬಂತು, ಎಲ್ಲಿ ಉಳಿಯಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ನೋಡುತ್ತ ಹೋದರೆ ಅಪಘಾತಗಳ ಬಗ್ಗೆ ಇಂದಿಗೂ ಉಪಯೋಗಕ್ಕೆ ಬರುವ ಒಂದು ಮಾತು ಸಿಗುತ್ತದೆ.

ಆ ಕಾಲದ ವಿಮಾನದ ಎಂಜಿನ್ ನಂಬುವಂಥದ್ದಾಗಿರಲಿಲ್ಲ. ಎಣ್ಣೆಯ ಕೊಳವೆ ಒಡೆಯುತ್ತಿತ್ತು, ಕವಾಟ ಸುಟ್ಟುಹೋಗುತ್ತಿತ್ತು, ನೀರು ಕುದಿಯುತ್ತಿತ್ತು. ಒಂದೇ ಎಂಜಿನ್ ಇರುವ ವಿಮಾನದ ಚಾಲಕ ಕೆಳಗೆ ಇಳಿಯಬಲ್ಲ ಗದ್ದೆ ಎಲ್ಲಿದೆ ಎಂದು ನೋಡಿಕೊಳ್ಳುತ್ತಲೇ ಹಾರಬೇಕಿತ್ತು. 1924ರ ಡಿಸೆಂಬರ್ 24ರಂದು ಇಂಪೀರಿಯಲ್ ಏರ್‌ವೇಸ್‌ನ ಒಂದೇ ಎಂಜಿನ್ನಿನ ವಿಮಾನ ಕ್ರಾಯ್ಡನ್ನಿನಿಂದ ಏರಿದ ಸ್ವಲ್ಪ ಹೊತ್ತಿಗೇ ಬಿದ್ದು ಎಂಟು ಜನ ಸತ್ತರು. ಪ್ರಯಾಣಿಕ ವಿಮಾನದ ಅಪಘಾತವೊಂದರ ಬಗ್ಗೆ ಬ್ರಿಟನ್ನಿನಲ್ಲಿ ಬಹಿರಂಗ ವಿಚಾರಣೆ ನಡೆದದ್ದು ಅದೇ ಮೊದಲು. ಒಂದೇ ಎಂಜಿನ್ನಿನ ಮೇಲೆ ಜನರ ಜೀವ ಇಡಬಾರದು ಎಂಬ ತೀರ್ಮಾನಕ್ಕೆ ಕಂಪನಿ ಬಂತು.

ಹಾಗಾದರೆ ಎರಡು ಎಂಜಿನ್ ಸಾಕಲ್ಲವೇ? ಆಗ ಸಾಕಾಗುತ್ತಿರಲಿಲ್ಲ. ಎಂಜಿನ್‌ಗಳ ಶಕ್ತಿ ಎಷ್ಟು ಕಡಿಮೆಯಿತ್ತೆಂದರೆ, ಎರಡರಲ್ಲಿ ಒಂದು ನಿಂತರೆ ಉಳಿದ ಒಂದಕ್ಕೆ ತುಂಬಿದ ವಿಮಾನವನ್ನು ಎತ್ತರದಲ್ಲಿ ಹಿಡಿದಿಡಲು ಆಗುತ್ತಿರಲಿಲ್ಲ. ವಿಮಾನ ನಿಧಾನವಾಗಿ ಇಳಿಯುತ್ತಲೇ ಹೋಗುತ್ತಿತ್ತು. 1929ರ ಜೂನ್ 17ರಂದು ಸಿಟಿ ಆಫ್ ಒಟ್ಟಾವಾ ಎಂಬ ಎರಡು ಎಂಜಿನ್ನಿನ ವಿಮಾನಕ್ಕೆ ಇಂಗ್ಲಿಷ್ ಕಾಲುವೆಯ ಮೇಲೆ ಆದದ್ದು ಇದೇ. ಒಂದು ಎಂಜಿನ್ ಕೆಟ್ಟಿತು, ಇನ್ನೊಂದು ಚೆನ್ನಾಗಿಯೇ ಓಡುತ್ತಿತ್ತು, ಆದರೂ ವಿಮಾನ ಸಮುದ್ರಕ್ಕೆ ಇಳಿಯಿತು. ಏಳು ಪ್ರಯಾಣಿಕರು ಸತ್ತರು.

ಲೆಕ್ಕ ಸರಳ. ಎಂಜಿನ್ ಹೆಚ್ಚಿದಷ್ಟೂ ಅವುಗಳಲ್ಲಿ ಒಂದು ಕೆಡುವ ಸಂಭವವೂ ಹೆಚ್ಚುತ್ತದೆ. ಆದರೆ ಮೂರರಲ್ಲಿ ಒಂದು ಕೆಟ್ಟರೆ ಹೋಗುವುದು ಮೂರನೇ ಒಂದು ಪಾಲು ಶಕ್ತಿ ಮಾತ್ರ. ಉಳಿದ ಎರಡು ಪಾಲಿನಲ್ಲಿ ಮುಂದಿನ ನಿಲ್ದಾಣ ಮುಟ್ಟಬಹುದು. ಡಚ್ ಮೂಲದ ವಿಮಾನ ತಯಾರಕ ಆಂಟನಿ ಫೊಕ್ಕರ್ ಈ ಲೆಕ್ಕವನ್ನು 1925ರಲ್ಲಿ ಕಾರ್ಯರೂಪಕ್ಕೆ ತಂದ. ಅಮೆರಿಕದಲ್ಲಿ ಫೋರ್ಡ್ ಕಂಪನಿ ವಿಮಾನಗಳ ನಂಬಿಕಾರ್ಹತೆಯನ್ನು ಪರೀಕ್ಷಿಸುವ ಪ್ರವಾಸ ಸ್ಪರ್ಧೆ ಏರ್ಪಡಿಸಿತ್ತು. ತನ್ನ ಒಂದೇ ಎಂಜಿನ್ನಿನ ವಿಮಾನದ ಎರಡೂ ರೆಕ್ಕೆಗಳ ಕೆಳಗೆ ಒಂದೊಂದು ಎಂಜಿನ್ ತೂಗುಹಾಕಿಸಿ ಫೊಕ್ಕರ್ ಅದನ್ನು ಸ್ಪರ್ಧೆಗೆ ತಂದ. ಒಂದೊಂದೂ ಸುಮಾರು 200 ಅಶ್ವಶಕ್ತಿಯವು. ಕೆಲವೇ ವರ್ಷಗಳಲ್ಲಿ ಯುರೋಪು, ಅಮೆರಿಕ, ಆಸ್ಟ್ರೇಲಿಯಾಗಳಲ್ಲೆಲ್ಲ ಆ ವಿಮಾನ ಅಥವಾ ಅದರ ನಕಲುಗಳೇ ಓಡಾಡತೊಡಗಿದವು. ಮೂರು ಎಂಜಿನ್ ಎಂಬುದೇ ಸುರಕ್ಷತೆಯ ಇನ್ನೊಂದು ಹೆಸರಾಯಿತು.

ಭಾರತದ ದಾರಿಗೆಂದೇ ತಯಾರಾದ ಹರ್ಕ್ಯುಲಿಸ್ ಹಾರಿದ್ದು 1926ರಲ್ಲಿ. ಕೈರೊ ಮತ್ತು ಬಾಗ್ದಾದ್ ನಡುವಿನ ಮರಳುಗಾಡಿನಲ್ಲಿ ದಾರಿ ತಪ್ಪದಿರಲೆಂದು ಬ್ರಿಟಿಷ್ ವಾಯುಪಡೆಯವರು ನೆಲದ ಮೇಲೆ ನೂರಾರು ಕಿಲೋಮೀಟರು ಉದ್ದಕ್ಕೆ ನೇಗಿಲಿನ ಸಾಲು ಹೊಡೆಸಿದ್ದರು. ಚಾಲಕರು ಆ ಸಾಲನ್ನು ನೋಡಿಕೊಂಡು ಹಾರಬೇಕು. ಅಲ್ಲಿ ಎಂಜಿನ್ ಕೆಟ್ಟು ಇಳಿದರೆ ನೀರಿಲ್ಲ, ನೆರಳಿಲ್ಲ, ಕೇಳುವವರಿಲ್ಲ. ಅದಕ್ಕೇ ಮೂರು ಎಂಜಿನ್. ಅಷ್ಟೇ ಅಲ್ಲ, ಬಿಸಿಲಿಗೆ ಕಟ್ಟಿಗೆ ಕೆಡುತ್ತದೆ ಎಂಬ ಅನುಭವವೂ ಆಗಲೇ ಇತ್ತು. ಆದ್ದರಿಂದ ಹರ್ಕ್ಯುಲಿಸ್‌ನ ಒಡಲಿನ ಹಂದರವನ್ನು ಉಕ್ಕಿನ ಕೊಳವೆಗಳಿಂದ ಮಾಡಿದ್ದರು. ಕಟ್ಟಿಗೆಯ ಈ ಮಾತು ಮುಂದೆ ಮತ್ತೆ ಬರುತ್ತದೆ. 1927ರ ಜನವರಿಯಲ್ಲಿ ಬ್ರಿಟಿಷ್ ವಾಯುಯಾನ ಮಂತ್ರಿ ಸರ್ ಸ್ಯಾಮ್ಯುಯೆಲ್ ಹೋರ್ ಹೆಂಡತಿಯೊಂದಿಗೆ ಇಂಥದೇ ವಿಮಾನದಲ್ಲಿ ದೆಹಲಿಗೆ ಬಂದಿಳಿದ. ವೈಸರಾಯ್ ಅರ್ವಿನ್ನರ ಪತ್ನಿ ಅದಕ್ಕೆ ‘ಸಿಟಿ ಆಫ್ ಡೆಲ್ಲಿ’ ಎಂದು ಹೆಸರಿಟ್ಟರು. ಇಷ್ಟೆಲ್ಲ ಎಚ್ಚರಿಕೆಯಿಂದ ಕಟ್ಟಿದ ಯಂತ್ರ ಅದು.

ಆದರೆ ಟಪಾಲು ಸೇವೆ ಶುರುವಾಗಿ ಅರ್ಧ ವರ್ಷವೂ ತುಂಬಿರಲಿಲ್ಲ. 1929ರ ಸೆಪ್ಟೆಂಬರ್ ಮೊದಲ ವಾರದ ಒಂದು ರಾತ್ರಿ ಹರ್ಕ್ಯುಲಿಸ್‌ಗಳಲ್ಲೊಂದಾದ ಸಿಟಿ ಆಫ್ ಜೆರೂಸಲೆಂ ಪರ್ಶಿಯಾ ಕರಾವಳಿಯ ಜಾಸ್ಕ್ ಎಂಬಲ್ಲಿ ಇಳಿಯುತ್ತಿತ್ತು. ಕತ್ತಲೆ. ನೆಲ ಎಷ್ಟು ಕೆಳಗಿದೆ ಎಂಬ ಅಂದಾಜು ತಪ್ಪಿತು. ವಿಮಾನ ನೆಲಕ್ಕೆ ಬಡಿದು ಹೊತ್ತಿಕೊಂಡಿತು. ಮೂವರು ಸತ್ತರು. ಅವರಲ್ಲಿ ಚಾಲಕ ಆಲ್ಬರ್ಟ್ ವುಡ್‌ಬ್ರಿಜ್ ಒಬ್ಬ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ವೈಮಾನಿಕ, ‘ರೆಡ್ ಬ್ಯಾರನ್’ ಎಂದು ಕರೆಸಿಕೊಳ್ಳುತ್ತಿದ್ದ ರಿಖ್ತ್‌ಹೋಫನ್ನನ ತಲೆಗೆ 1917ರ ಜುಲೈಯಲ್ಲಿ ಗಾಯ ಮಾಡಿದವನೆಂದು ಇತಿಹಾಸದಲ್ಲಿ ಹೆಸರು ಉಳಿಸಿಕೊಂಡವನು ಇವನೇ. ಯುದ್ಧದ ಆಕಾಶದಲ್ಲಿ ಬದುಕಿ ಉಳಿದವನು ಶಾಂತಿಕಾಲದಲ್ಲಿ, ಟಪಾಲಿನ ವಿಮಾನವನ್ನು ಇಳಿಸುವಾಗ ಸತ್ತ. ಅವನ ಜೀವ ತೆಗೆದದ್ದು ಕೆಟ್ಟ ಎಂಜಿನ್ ಅಲ್ಲ, ಕತ್ತಲೆ. ಮೂರಲ್ಲ, ಆರು ಎಂಜಿನ್ ಇದ್ದರೂ ಅಷ್ಟೇ ಆಗುತ್ತಿತ್ತು. ಅಲ್ಲಿ ಬೇಕಾಗಿದ್ದದ್ದು ರಾತ್ರಿ ಇಳಿಯಲು ನೆಲದ ಮೇಲೆ ಒಳ್ಳೆಯ ಬೆಳಕು, ಎತ್ತರವನ್ನು ನಿಖರವಾಗಿ ಹೇಳುವ ಉಪಕರಣ.

ಮುಂದಿನದು ಅಕ್ಟೋಬರ್ 26ರಂದು. ಕ್ಯಾಲ್ಕಟ್ಟಾ ಜಾತಿಯ ಸಿಟಿ ಆಫ್ ರೋಮ್ ಭಾರತದ ಕಡೆಯ ಟಪಾಲು ಹೊತ್ತು ನೇಪಲ್ಸಿನಿಂದ ಜಿನೋವಾಕ್ಕೆ ಹೊರಟಿತ್ತು. ಬಿರುಗಾಳಿಗೆ ಸಿಕ್ಕಿ ಇಟಲಿಯ ಸ್ಪೆಜಿಯಾ ಬಂದರಿನ ಆಚೆ ಸಮುದ್ರಕ್ಕೆ ಇಳಿಯಿತು. ನೀರಿನ ಮೇಲೆ ಇಳಿಯಲೆಂದೇ ತಯಾರಾದ ವಿಮಾನ, ಇಳಿದದ್ದೇನೋ ಇಳಿಯಿತು. ಹಡಗೊಂದು ಬಂದು ಹಗ್ಗ ಕಟ್ಟಿ ಎಳೆಯತೊಡಗಿತು. ಅಲೆಗಳ ಹೊಡೆತಕ್ಕೆ ರಾತ್ರಿಯಲ್ಲಿ ಹಗ್ಗ ಕಡಿಯಿತು. ಆಮೇಲೆ ವಿಮಾನ ಕಾಣಲಿಲ್ಲ. ಒಳಗಿದ್ದ ಏಳೂ ಜನ ಹೋದರು. ರಕ್ಷಣೆಯ ಹಡಗು ಬಂದು ಹಗ್ಗ ಕಟ್ಟಿದಾಗ ಒಳಗಿದ್ದವರು ಬದುಕಿದೆವು ಅಂದುಕೊಂಡಿರಬೇಕಲ್ಲ ಎಂದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೊನೆಯಲ್ಲಿ ಅವರ ಜೀವ ನಿಂತದ್ದು ಎಂಜಿನ್ನಿನ ಮೇಲಲ್ಲ, ಒಂದು ಹಗ್ಗದ ಮೇಲೆ.

1931ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಮೊದಲ ಪ್ರಾಯೋಗಿಕ ವಿಮಾನ ಟಪಾಲು ಹೊರಟಿತು. ಅದನ್ನು ಭಾರತದ ಮೇಲಿಂದ ಮುಂದಕ್ಕೆ ಒಯ್ದ ಹರ್ಕ್ಯುಲಿಸ್‌ನ ಹೆಸರು ಸಿಟಿ ಆಫ್ ಕೈರೊ. ಏಪ್ರಿಲ್ 19ರಂದು ತಿಮೋರ್ ದ್ವೀಪದ ಕೂಪಾಂಗ್ ಹತ್ತಿರ ಅದರ ಪೆಟ್ರೋಲು ಮುಗಿಯುತ್ತ ಬಂತು. ಇಳಿಯುವಾಗ ವಿಮಾನ ನುಚ್ಚುನೂರಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಟಪಾಲೂ ಉಳಿಯಿತು. ಇಲ್ಲಿಯೂ ಎಂಜಿನ್‌ಗಳದ್ದೇನೂ ತಪ್ಪಿಲ್ಲ. ಮೂರು ಎಂಜಿನ್ ಇದ್ದರೂ ಅವು ಕುಡಿಯುವುದು ಅದೇ ಪೆಟ್ರೋಲನ್ನು. ಟ್ಯಾಂಕು ಬರಿದಾದರೆ ಮೂರೂ ಒಟ್ಟಿಗೇ ನಿಲ್ಲುತ್ತವೆ.

ಕೂಪಾಂಗಿನಲ್ಲಿ ಬಿದ್ದಿದ್ದ ಆ ಟಪಾಲನ್ನು ಆಸ್ಟ್ರೇಲಿಯಾದ ಡಾರ್ವಿನ್‌ಗೆ ತಂದದ್ದು ಇನ್ನೊಂದು ಮೂರು ಎಂಜಿನ್ನಿನ ವಿಮಾನ, ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್‌ನ ಸದರ್ನ್ ಕ್ರಾಸ್. 1928ರಲ್ಲಿ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಪೆಸಿಫಿಕ್ ಸಾಗರವನ್ನು ಮೊದಲ ಬಾರಿಗೆ ದಾಟಿದ ಫೊಕ್ಕರ್ ಅದು. ಆ ಹೊತ್ತಿಗೆ ಸ್ಮಿತ್ ದೊಡ್ಡ ಸಂಕಟದಲ್ಲಿದ್ದ. ಅವನೂ ಅವನ ಗೆಳೆಯ ಚಾರ್ಲ್ಸ್ ಉಲ್ಮ್‌ನೂ ಕೂಡಿ ನಡೆಸುತ್ತಿದ್ದ ಕಂಪನಿಯ ಸದರ್ನ್ ಕ್ಲೌಡ್ ಎಂಬ ವಿಮಾನ ತಿಂಗಳ ಹಿಂದಷ್ಟೇ, 1931ರ ಮಾರ್ಚ್ 21ರಂದು, ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೊರಟು ಮಾಯವಾಗಿತ್ತು. ಆರು ಪ್ರಯಾಣಿಕರು, ಇಬ್ಬರು ಸಿಬ್ಬಂದಿ. ಸ್ಮಿತ್ ತಾನೇ ಹಾರಿ ಹುಡುಕಿದ. ಏನೂ ಸಿಗಲಿಲ್ಲ.

ಸದರ್ನ್ ಕ್ಲೌಡ್‌ನ ಕತೆ ನನ್ನನ್ನು ಬಹಳ ದಿನ ಕಾಡಿದೆ. ವಿಮಾನ ಹೊರಟ ಮೇಲೆ ಹೊಸ ಹವಾಮಾನ ವರದಿ ಬಂತು: ದಾರಿಯಲ್ಲಿ ಭಾರಿ ಎದುರುಗಾಳಿ, ಮಳೆ, ಮೋಡ. ಅಪಾಯ ನೆಲದ ಮೇಲಿದ್ದವರಿಗೆ ಗೊತ್ತಾಯಿತು. ಆದರೆ ಅದನ್ನು ಆಕಾಶದಲ್ಲಿದ್ದವರಿಗೆ ತಿಳಿಸುವ ದಾರಿ ಇರಲಿಲ್ಲ. ವಿಮಾನದಲ್ಲಿ ರೇಡಿಯೊ ಇರಲಿಲ್ಲ. ಎಂಜಿನ್ ಮೂರು, ಕಿವಿ ಒಂದೂ ಇಲ್ಲ. ಇಪ್ಪತ್ತೇಳು ವರ್ಷಗಳ ನಂತರ, 1958ರ ಅಕ್ಟೋಬರ್‌ನಲ್ಲಿ, ಸ್ನೋಯಿ ಬೆಟ್ಟಗಳ ಜಲವಿದ್ಯುತ್ ಯೋಜನೆಯಲ್ಲಿ ದುಡಿಯುತ್ತಿದ್ದ ಕೆಲಸಗಾರನೊಬ್ಬ ರಜೆಯ ದಿನ ಕಾಡಿನಲ್ಲಿ ಅಡ್ಡಾಡುವಾಗ ಅದರ ಅವಶೇಷ ಕಂಡ. ಎದುರುಗಾಳಿಯಲ್ಲಿ ತಾವು ಎಷ್ಟು ದೂರ ಬಂದಿದ್ದೇವೆಂಬುದು ತಿಳಿಯದೆ, ಬೆಟ್ಟ ದಾಟಿತು ಎಂದುಕೊಂಡು ಕೆಳಗಿಳಿದಿರಬೇಕು ಎಂದು ಬಹಳ ಜನ ನಂಬುತ್ತಾರೆ. ಪ್ರಯಾಣಿಕರ ವಿಮಾನಕ್ಕೆ ರೇಡಿಯೊ ಇರಲೇಬೇಕೆಂಬ ವಾದ ಆಸ್ಟ್ರೇಲಿಯಾದಲ್ಲಿ ಬಲವಾದದ್ದು ಈ ಎಂಟು ಜನ ಹೋದ ಮೇಲೆ.

ಸದರ್ನ್ ಕ್ಲೌಡ್ ಕಾಣೆಯಾದ ಹತ್ತೇ ದಿನಕ್ಕೆ, 1931ರ ಮಾರ್ಚ್ 31ರಂದು, ಅಮೆರಿಕದ ಕಾನ್ಸಾಸ್ ರಾಜ್ಯದ ಬಜಾರ್ ಎಂಬ ಹಳ್ಳಿಯ ಹತ್ತಿರ ಮೂರು ಎಂಜಿನ್ನಿನ ಇನ್ನೊಂದು ಫೊಕ್ಕರ್ ಬಿತ್ತು. ಇದರಲ್ಲಿಯೂ ಆರು ಪ್ರಯಾಣಿಕರು, ಇಬ್ಬರು ಚಾಲಕರು. ಎಂಟೂ ಜನ ಸತ್ತರು. ಮೋಡದಿಂದ ಮೊದಲು ವಿಮಾನ, ಹಿಂದೆಯೇ ಬೇರೆಯಾಗಿ ಅದರ ರೆಕ್ಕೆ ಬಿದ್ದುದನ್ನು ಸುತ್ತಲಿನವರು ನೋಡಿದ್ದರು.

ಸತ್ತವರಲ್ಲಿ ಒಬ್ಬ ನೂಟ್ ರಾಕ್ನಿ. ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರ, ಅಮೆರಿಕದ ಮನೆಮನೆಗೂ ಗೊತ್ತಿದ್ದ ಹೆಸರು. ದೇಶ ತಲ್ಲಣಿಸಿತು. ಮೊದಲು ಅಧಿಕಾರಿಗಳು ಮಂಜುಗಡ್ಡೆ ಕಟ್ಟಿತ್ತು ಎಂದರು, ಪಂಖ ಮುರಿದಿತ್ತು ಎಂದರು, ದಿನಕ್ಕೊಂದು ಮಾತು ಬಂತು. ಕೊನೆಗೆ ದೃಷ್ಟಿ ರೆಕ್ಕೆಯ ಕಡೆಗೆ ತಿರುಗಿತು. ಫೊಕ್ಕರನ ರೆಕ್ಕೆ ಕಟ್ಟಿಗೆಯದು. ಒಳಗೆ ಕಟ್ಟಿಗೆಯ ತೊಲೆ, ಮೇಲೆ ಪ್ಲೈವುಡ್ ಹೊದಿಕೆ, ಎಲ್ಲವನ್ನೂ ಹಿಡಿದಿಟ್ಟಿದ್ದದ್ದು ಅಂಟು. ವರ್ಷಗಟ್ಟಲೆ ತೇವ ಒಳಗಿಳಿದು ಅಂಟು ಬಿಟ್ಟಿತ್ತು. ಇದರಲ್ಲಿ ಭಯಂಕರವಾದದ್ದೆಂದರೆ, ಹೊರಗಿನಿಂದ ನೋಡಿದರೆ ರೆಕ್ಕೆ ನುಣ್ಣಗೆ, ಹೊಸದರಂತೆ ಕಾಣುತ್ತಿತ್ತು. ಒಳಗೆ ನೋಡಬೇಕೆಂದರೆ ಪ್ಲೈವುಡ್ಡನ್ನೇ ಕಿತ್ತು ತೆಗೆಯಬೇಕು. ಗೆದ್ದಲು ತಿಂದ ತೊಲೆಯ ಮೇಲೆ ಸುಣ್ಣ ಬಳಿದ ಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ರೆಕ್ಕೆಗೇ ಎರಡು ಎಂಜಿನ್‌ಗಳನ್ನು ತೂಗುಹಾಕಿದ್ದರು. ಧೈರ್ಯಕ್ಕೆಂದು ಹೆಚ್ಚಿಗೆ ಇಟ್ಟ ಎಂಜಿನ್‌ಗಳ ಭಾರವನ್ನೂ ನಡುಕವನ್ನೂ ಹೊತ್ತಿದ್ದು ಆ ಅಂಟೇ.

ಮರಳುಗಾಡಿಗೆ ಹರ್ಕ್ಯುಲಿಸ್ ತಯಾರಿಸುವಾಗ ಕಟ್ಟಿಗೆಯನ್ನು ನಂಬಬಾರದು ಎಂದು ಬ್ರಿಟಿಷರು 1926ರಲ್ಲೇ ಒಡಲಿಗೆ ಉಕ್ಕು ಹಾಕಿದ್ದರು ಎಂದೆನಲ್ಲ. ಒಂದು ಕಡೆಯವರು ಕಲಿತದ್ದು ಇನ್ನೊಂದು ಕಡೆ ಎಚ್ಚರಿಕೆಯಾಗಿ ಮುಟ್ಟಲಿಲ್ಲ. ಅಮೆರಿಕದಲ್ಲಂತೂ ಅಪಘಾತದ ಕಾರಣವನ್ನು ಸಾರ್ವಜನಿಕರಿಗೆ ಹೇಳುವ ರೂಢಿಯೇ ಸರ್ಕಾರಕ್ಕಿರಲಿಲ್ಲ. ಕಂಪನಿಗಳಿಗೆ ನಷ್ಟವಾದೀತು, ಜನ ಹೆದರಿಯಾರು ಎಂಬ ಅಂಜಿಕೆ. ಈ ಸಲ ಸತ್ತವನು ರಾಕ್ನಿಯಾದ್ದರಿಂದ ಮುಚ್ಚಿಡಲು ಆಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಈ ಜಾತಿಯ ಫೊಕ್ಕರ್‌ಗಳು ಪ್ರಯಾಣಿಕರನ್ನು ಒಯ್ಯದಂತೆ ತಡೆದರು. ರೆಕ್ಕೆ ಬಿಚ್ಚಿ ಒಳಗೆ ನೋಡಿದ ಮೇಲೆಯೇ ಹಾರಬೇಕೆಂದರು. ಬಿಚ್ಚುವ ಖರ್ಚೇ ಹೆಚ್ಚಾಯಿತು. ಅಮೆರಿಕದಲ್ಲಿ ಫೊಕ್ಕರನ ಕಟ್ಟಿಗೆಯ ವಿಮಾನಗಳ ಕಾಲ ಮುಗಿಯಿತು. ಹೆಸರಿಲ್ಲದ ಎಂಟು ಜನ ಸತ್ತಿದ್ದರೆ ಇನ್ನೆಷ್ಟು ರೆಕ್ಕೆಗಳು ಒಳಗೊಳಗೇ ಬಿಡುತ್ತಿದ್ದವೋ ಎಂಬ ಪ್ರಶ್ನೆ ಇಲ್ಲಿ ಏಳದೆ ಇರದು.

ಇಷ್ಟು ಹೇಳಿದ ಮೇಲೆ ಮೂರನೆಯ ಎಂಜಿನ್ ಬರೀ ಭ್ರಮೆಯಾಗಿತ್ತು ಎಂದರೆ ಅನ್ಯಾಯವಾದೀತು. 1935ರ ಮೇ ತಿಂಗಳಲ್ಲಿ ಬ್ರಿಟಿಷ್ ರಾಜ ಐದನೆಯ ಜಾರ್ಜನ ಆಳ್ವಿಕೆಯ ಬೆಳ್ಳಿಹಬ್ಬದ ಟಪಾಲು ಹೊತ್ತು ಅದೇ ಸದರ್ನ್ ಕ್ರಾಸ್ ಆಸ್ಟ್ರೇಲಿಯಾದಿಂದ ನ್ಯೂಜಿಲೆಂಡಿಗೆ ಹೊರಟಿತು. ಕಿಂಗ್ಸ್‌ಫರ್ಡ್ ಸ್ಮಿತ್, ಪಿ. ಜಿ. ಟೇಲರ್, ರೇಡಿಯೊ ನೋಡಿಕೊಳ್ಳುವ ಜಾನ್ ಸ್ಟಾನೆಜ್ ಮೂವರೇ. ಸಮುದ್ರದ ಮೇಲೆ ನಡುವಿನ ಎಂಜಿನ್ನಿನ ಹೊಗೆಕೊಳವೆಯ ಚೂರೊಂದು ಕಳಚಿ ಬಲಗಡೆಯ ಪಂಖಕ್ಕೆ ಬಡಿಯಿತು. ಪಂಖ ಮುರಿಯಿತು, ಆ ಎಂಜಿನ್ ನಿಲ್ಲಿಸಬೇಕಾಯಿತು. ಎರಡರ ಮೇಲೆ ಹಿಂತಿರುಗುವಾಗ ಎಡಗಡೆಯದು ಎಣ್ಣೆಯನ್ನು ಸುಡತೊಡಗಿತು. ಎಣ್ಣೆ ಮುಗಿದರೆ ಅದೂ ನಿಲ್ಲುತ್ತದೆ. ಒಂದರ ಮೇಲೆ ಹಾರುವುದಂತೂ ಸಾಧ್ಯವಿಲ್ಲ.

ಆಗ ಟೇಲರ್ ಹೊರಗೆ ಹೋದ. ಕೆಳಗೆ ಸಮುದ್ರ, ಮುಖಕ್ಕೆ ಗಾಳಿಯ ಹೊಡೆತ. ರೆಕ್ಕೆಯ ಕೆಳಗಿನ ಉಕ್ಕಿನ ಆಧಾರದ ಮೇಲೆ ಕಾಲಿಡುತ್ತ ನಿಂತುಹೋದ ಎಂಜಿನ್ನಿನವರೆಗೆ ಸರಿದು, ಅದರ ಎಣ್ಣೆಯನ್ನು ಥರ್ಮಾಸ್ ಫ್ಲಾಸ್ಕಿನ ಹೊರಕವಚದಲ್ಲಿ ಬಸಿದು ಒಳಗೆ ತಂದ. ಆಮೇಲೆ ಇನ್ನೊಂದು ಕಡೆಯಿಂದ ಹೊರಗೆ ಹೋಗಿ ಓಡುತ್ತಿದ್ದ ಎಂಜಿನ್ನಿಗೆ ಸುರಿದ. ಹೀಗೆ ಒಂದು ಸಲವಲ್ಲ, ಮತ್ತೆ ಮತ್ತೆ. ಭಾರ ಕಡಿಮೆ ಮಾಡಲು ಸರಕನ್ನೂ ಕೊನೆಗೆ ಟಪಾಲಿನ ಚೀಲಗಳನ್ನೂ ಸಮುದ್ರಕ್ಕೆ ಎಸೆದರು. ವಿಮಾನ ಸಿಡ್ನಿಗೆ ಮರಳಿತು. ಟೇಲರ್‌ಗೆ ಶೌರ್ಯ ಪದಕ ಬಂತು.

ಮೂರು ಎಂಜಿನ್ನಿನ ಲೆಕ್ಕ ಆ ದಿನ ಸರಿಯಾಯಿತು. ಆದರೆ ಹೇಗೆ ಸರಿಯಾಯಿತು ನೋಡಿ. ನಡುವಿನ ಎಂಜಿನ್ ಇದ್ದದ್ದರಿಂದಲೇ ಬಲಗಡೆಯದು ಕೆಟ್ಟಿತು, ಬಲಗಡೆಯದರ ಎಣ್ಣೆಯಿಂದಲೇ ಎಡಗಡೆಯದು ಬದುಕಿತು, ಇವೆರಡರ ನಡುವೆ ಒಬ್ಬ ಮನುಷ್ಯ ಜೀವ ಪಣಕ್ಕಿಟ್ಟು ಓಡಾಡಬೇಕಾಯಿತು. ಹೆಚ್ಚುವರಿ ಯಂತ್ರ ಕೊಟ್ಟದ್ದು ಒಂದು ಅವಕಾಶವನ್ನು. ಅದನ್ನು ಬಳಸಿಕೊಂಡದ್ದು ಮನುಷ್ಯ.

ಮೂರು ಎಂಜಿನ್ನಿನ ಯುಗವನ್ನು ಮುಗಿಸಿದ್ದು ಒಂದು ಪತ್ರ. ರಾಕ್ನಿ ಸತ್ತ ವಿಮಾನದ ಕಂಪನಿ ಟಿಡಬ್ಲ್ಯುಎ. ಅದರ ಜ್ಯಾಕ್ ಫ್ರೈ 1932ರ ಆಗಸ್ಟ್ 2ರಂದು ವಿಮಾನ ತಯಾರಕರಿಗೆ ಬರೆದ: ಪೂರ್ತಿ ಲೋಹದ, ಮೂರು ಎಂಜಿನ್ನಿನ ವಿಮಾನ ಬೇಕು, ನಮ್ಮ ಯಾವ ನಿಲ್ದಾಣದಿಂದಲಾದರೂ ತುಂಬಿದ ವಿಮಾನ ಒಂದು ಎಂಜಿನ್ ಕೆಟ್ಟರೂ ಮೇಲೇರಬೇಕು. ಡಗ್ಲಸ್ ಕಂಪನಿ ಎರಡೇ ಎಂಜಿನ್ನಿನಿಂದ ಇದನ್ನು ಮಾಡಿ ತೋರಿಸುತ್ತೇನೆ ಎಂದಿತು. ಅಷ್ಟರಲ್ಲಿ ಎಂಜಿನ್‌ಗಳು ಬೆಳೆದಿದ್ದವು. 1933ರ ಡಿಸಿ-1ರ ಒಂದೊಂದು ಎಂಜಿನ್ನಿನಲ್ಲಿ 1925ರ ಫೊಕ್ಕರನ ಮೂರೂ ಎಂಜಿನ್ ಸೇರಿದಷ್ಟು ಶಕ್ತಿಯಿತ್ತು. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ವಿನ್ಸ್‌ಲೋ ನಿಲ್ದಾಣದಲ್ಲಿ ಏರುತ್ತಿರುವಾಗಲೇ ಒಂದು ಎಂಜಿನ್ ನಿಲ್ಲಿಸಿ, ಇನ್ನೊಂದರ ಮೇಲೆಯೇ ಆಲ್ಬುಕರ್ಕಿಯವರೆಗೆ ಹಾರಿ ತೋರಿಸಿದರು. ಡಿಸಿ-1ರಿಂದ ಡಿಸಿ-2, ಅದರಿಂದ ಡಿಸಿ-3 ಬಂದವು. ನಾವು ಡಕೋಟಾ ಎಂದು ಕರೆದದ್ದು ಈ ಡಿಸಿ-3ನ್ನು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ನಂತರ ಸೈನ್ಯದ ಡಕೋಟಾಗಳನ್ನು ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸಿತು. ಕಾನ್ಸಾಸಿನ ಹೊಲದಲ್ಲಿ ಬಿದ್ದ ರೆಕ್ಕೆಯ ಪಾಠ ಹೀಗೆ ಸುತ್ತಿ ಬಳಸಿ ಕನ್ನಡ ನಾಡಿಗೂ ಬಂತು.

ನಡುವಿನ ಆ ವರ್ಷಗಳಲ್ಲಿ ನಮ್ಮ ಕಡೆಗೆ ಬಂದದ್ದು ಮಾತ್ರ ಒಂದೇ ಎಂಜಿನ್. ಟಾಟಾ ಕಂಪನಿಯ ವಿಮಾನ ಟಪಾಲು 1932ರ ಅಕ್ಟೋಬರ್ 15ರಂದು ಶುರುವಾಯಿತು. ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಜೆ. ಆರ್. ಡಿ. ಟಾಟಾ ಹಾರಿಸಿಕೊಂಡು ಬಂದರು. ಮುಂಬಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಒಯ್ದ. ಬಳ್ಳಾರಿಯಲ್ಲಿ ಇಳಿದು, ಅಲ್ಲಿಂದ ಮದ್ರಾಸು. ವಿಮಾನ ಪುಸ್ ಮಾತ್, ಕೀಲುಕೊಟ್ಟರೆ ಹಾರುವ ಆಟಿಗೆಯಷ್ಟು ಚಿಕ್ಕದು. ಅದೇ ವರ್ಷಗಳಲ್ಲಿ ಬೇರೆ ದೇಶಗಳಲ್ಲಿ ಕೆಲವು ಪುಸ್ ಮಾತ್‌ಗಳ ರೆಕ್ಕೆ ಹಾರುವಾಗಲೇ ಮುರಿದಿತ್ತು. ಟಾಟಾ ಸೇವೆ ಆ ಚಿಕ್ಕ ವಿಮಾನಗಳಿಂದಲೇ ಹೆಸರು ಗಳಿಸಿತು. ಎಂಜಿನ್‌ಗಳ ಸಂಖ್ಯೆಯೊಂದೇ ಸುರಕ್ಷತೆಯನ್ನು ನಿರ್ಧರಿಸುವುದಾಗಿದ್ದರೆ ಹೀಗಾಗಬಾರದಿತ್ತು. 1936ರಲ್ಲಿ ನಮ್ಮೂರಿನವರೇ ಆದ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದಾಗ ವಿಮಾನ ಇತ್ತು. ಅವರು ಹೋದದ್ದು ಹಡಗಿನಲ್ಲಿ. ಮೇಷ್ಟರ ಸಂಬಳದವರಿಗೆ ಆ ಟಿಕೆಟ್ಟು ದೂರದ ಮಾತು. ಕನ್ನಡಕ್ಕೆ ‘ಸಮುದ್ರಗೀತೆಗಳು’ ದಕ್ಕಿದವು.

ಈಗ ಪ್ರಯಾಣಿಕರ ವಿಮಾನಗಳಿಗೆ ಸಾಮಾನ್ಯವಾಗಿ ಎರಡೇ ಎಂಜಿನ್. ಒಂದರ ಮೇಲೆ ಗಂಟೆಗಟ್ಟಲೆ ಹಾರಬಲ್ಲವು. ಆ ಹಳೆಯ ಭಯ ಬಹುಪಾಲು ಗೆದ್ದಾಗಿದೆ. ಆದರೆ 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚಹೊಸ ಏರ್‌ಬಸ್ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಡಿದು 92 ಜನ ಸತ್ತಾಗ ಅದರ ಎರಡೂ ಎಂಜಿನ್ ಸರಿಯಾಗಿಯೇ ಇದ್ದವು. ಇಳಿಯುವ ಹೊತ್ತಿನಲ್ಲಿ ಅವು ಅತಿ ಕಡಿಮೆ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಿದ್ದದ್ದು ಸಮಯಕ್ಕೆ ಗಮನಕ್ಕೆ ಬರಲಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಬದುಕಿದ್ದು ಎಂಟು ಮಂದಿ. ಅಲ್ಲಿಯೂ ಎಂಜಿನ್ ಕೆಟ್ಟಿರಲಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು, ಇಳಿಯುವ ಕ್ರಮ ತಪ್ಪಿತ್ತು, ಇಳಿಯುವುದು ಬೇಡ ಎಂದು ಸಹಚಾಲಕರು ಮತ್ತೆ ಮತ್ತೆ ಹೇಳಿದರೂ ವಿಮಾನ ಇಳಿಯಿತು ಎಂದು ತನಿಖೆ ಹೇಳಿತು. ಸದರ್ನ್ ಕ್ಲೌಡ್‌ಗೆ ಮಾತು ಮುಟ್ಟಿಸಲು ರೇಡಿಯೊ ಇರಲಿಲ್ಲ. ಮಂಗಳೂರಿನಲ್ಲಿ ಪಕ್ಕದ ಕುರ್ಚಿಯಿಂದ ಬಂದ ಮಾತೇ ಕೆಲಸಕ್ಕೆ ಬರಲಿಲ್ಲ.

ವಿಮಾನ ಬಿದ್ದ ಸುದ್ದಿ ಬಂದಾಗಲೆಲ್ಲ ನಾವು ಕೇಳುವುದು ಯಾವ ಕಂಪನಿ, ಎಷ್ಟು ಹಳೆಯದು, ಎಂಜಿನ್ ಹೇಗಿತ್ತು ಎಂದು. ಸಂಜೆಯೊಳಗೆ ಟಿವಿಯವರು ತಪ್ಪು ಯಾರದೆಂದು ತೀರ್ಪನ್ನೂ ಕೊಟ್ಟಿರುತ್ತಾರೆ. ವರ್ಷ ಕಳೆದು ತನಿಖೆಯ ವರದಿ ಬರುವ ಹೊತ್ತಿಗೆ ಓದುವವರು ಇರುವುದಿಲ್ಲ. ಮೂರು ಎಂಜಿನ್ನಿನ ಹತ್ತು ವರ್ಷಗಳ ಕತೆಯಿಂದ ನಾನು ತಿಳಿದುಕೊಂಡದ್ದು ಇಷ್ಟು: ಹೆಚ್ಚಿಗೆ ಇಟ್ಟುಕೊಂಡ ಯಂತ್ರ ನಿನ್ನೆಯ ಅಪಘಾತಕ್ಕೆ ಉತ್ತರ. ನಾಳೆಯದು ಕತ್ತಲೆ, ಹಗ್ಗ, ಟ್ಯಾಂಕು, ಅಂಟು, ಕೇಳದ ಮಾತು, ಹೀಗೆ ಲೆಕ್ಕದಲ್ಲಿ ಇಲ್ಲದ ಕಡೆಯಿಂದ ಬರುತ್ತದೆ. ಅದನ್ನು ತಡೆಯಲು ಇರುವ ಉಪಾಯ, ಆದದ್ದನ್ನು ಪೂರ್ತಿ ಬಿಚ್ಚಿ ನೋಡಿ ಎಲ್ಲರಿಗೂ ಹೇಳುವುದು. ಸತ್ತವನು ರಾಕ್ನಿಯೇ ಆಗಿರಬೇಕಾಗಿಲ್ಲ.

ಸವಣೂರಿನವರು ಈಗ ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತುತ್ತಾರೆ. ಮಗಳ ಹೆರಿಗೆಗೆ ಬೆಂಗಳೂರಿಗೆ, ಮಗನ ಮನೆಗೆ ಪುಣೆಗೆ, ಮೊದಲ ಸಲ ಹೊರಟ ಅಜ್ಜಿಯೂ ಅವರಲ್ಲಿರುತ್ತಾಳೆ. ಎಂಜಿನ್ ಎಷ್ಟಿವೆ ಎಂದು ಆಕೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ರೆಕ್ಕೆಯ ಒಳಗೆ ಯಾರೋ ಇಣುಕಿ ನೋಡಿದ್ದಾರೆ, ಕಂಡದ್ದನ್ನು ಮುಚ್ಚಿಡದೆ ಬರೆದಿದ್ದಾರೆ ಎಂಬ ನಂಬಿಕೆಯ ಮೇಲೆ ಆಕೆ ಮೆಟ್ಟಿಲು ಹತ್ತುತ್ತಾಳೆ.